ಮ್ಯಾಗಝಿನ್‌ನಿಂದ ಹೊಡೆದರೆ ಚದುರುತ್ತದೆ, ಕೈಯಲ್ಲಿ ತುಂಬಿದರೆ ಸರಿ: ಈ .22 ಬೋಲ್ಟ್ ಆಕ್ಷನ್ ಕೊಳ್ಳಬಹುದಾ?

ಪ್ರಶ್ನೆ, ವಿಜಯನಗರದಿಂದ

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ 10 ಮೀಟರ್ ಏರ್ ರೈಫಲ್ ಹೊಡೆಯುತ್ತಿದ್ದೇನೆ. ಈಗ .22 (ನಳಿಕೆಯ ಅಳತೆ 0.22 ಇಂಚು) ರೈಫಲ್‌ಗೆ ಬರಬೇಕು ಅಂತ ಆಸೆ. ಕಮಿಷನರ್ ಆಫೀಸಿನ ಓಡಾಟ ಮುಗಿದು ಲೈಸೆನ್ಸ್ ಕೈಗೆ ಬಂದಿದೆ. ಬೋಲ್ಟ್ ಆಕ್ಷನ್ ಬೇಕು, ಅಂದರೆ ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆದು ತಳ್ಳುವಂಥದ್ದು; ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಝಿನ್, ಕಳಚಿ ಹಾಕುವಂತಿರಬೇಕು, 50 ಮೀಟರ್‌ನಲ್ಲಿ ನಂಬಿಕೆಯಿಂದ ಹೊಡೆಯುವಂತಿರಬೇಕು. ಇಷ್ಟೇ ನನ್ನ ಬೇಡಿಕೆ.

ಜಯನಗರದ ಹಿರಿಯರೊಬ್ಬರು ತಮ್ಮ ಹಳೆಯ ಯುರೋಪಿನ ರೈಫಲ್ ಮಾರುತ್ತಿದ್ದಾರೆ. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ, ಅವರ ಮಾರಾಟಕ್ಕೆ ತೊಂದರೆ ಆಗಬಾರದು. ಹೋದ ಭಾನುವಾರ ರೇಂಜ್‌ನಲ್ಲಿ, ಅವರು ಪಕ್ಕದಲ್ಲಿ ನಿಂತಿರುವಾಗಲೇ, ಮರಳು ಚೀಲದ ಮೇಲಿಟ್ಟು ಹೊಡೆದು ನೋಡಿದೆ. ಮ್ಯಾಗಝಿನ್‌ನಿಂದ ಐದು ಗುಂಡು. ಮೂರು ಒಟ್ಟಿಗೆ ಬಿದ್ದವು, ಎರಡು ಬಲಕ್ಕೆ ಮೇಲೆ ಹೋದವು. ಇನ್ನೂ ಮೂರು ಸಲ ಹೊಡೆದೆ, ಅದೇ ಕಥೆ. ನನ್ನ ಕೈ ಸರಿಯಿಲ್ಲವೇನೋ ಅಂದುಕೊಂಡು ಮ್ಯಾಗಝಿನ್ ತೆಗೆದಿಟ್ಟು ಒಂದೊಂದೇ ತೋಟಾ ಬೆರಳಲ್ಲಿ ಒಳಗಿಟ್ಟು ಹೊಡೆದೆ. ಐದೂ ಗುಂಡು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋದವು. ಮತ್ತೆ ಹೊಡೆದರೂ ಹಾಗೇ.

ಬ್ಯಾರೆಲ್ ಹಾಳಾಗಿದೆಯಾ? ಇದನ್ನು ಬಿಟ್ಟು ನಮ್ಮ ಸರ್ಕಾರಿ ಕಾರ್ಖಾನೆಯ ಹೊಸ ಇಶಾಪುರ್ ರೈಫಲ್ ಕಡೆ ನೋಡಲಾ? ದಯವಿಟ್ಟು ತಿಳಿದವರು ಹೇಳಿ.

ಉತ್ತರ, ರಾಜಾಜಿನಗರದಿಂದ

ಮೇಡಂ, ಮೊದಲು ಸ್ಕೋಪ್ ಮೌಂಟ್ ಅಲುಗಾಡುತ್ತಿದೆಯಾ ನೋಡಿ. ಆಮೇಲೆ ಸ್ಟಾಕ್‌ಗೆ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಆಕ್ಷನ್, ಅಂದರೆ ಬೋಲ್ಟ್ ಇರುವ ಭಾಗ, ಕಟ್ಟಿರುವ ಸ್ಕ್ರೂಗಳು. ಮುಂದಿನ ಸ್ಕ್ರೂ ಸಡಿಲವಾದರೆ ಎಂಥ ರೈಫಲ್ ಆದರೂ ಚದುರುತ್ತದೆ. ಎಸ್.ಜೆ.ಪಿ. ರೋಡ್‌ನಲ್ಲಿ ಸಣ್ಣ ಟಾರ್ಕ್ ಡ್ರೈವರ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಪ್ರತಿ ಸಲ ಒಂದೇ ಅಳತೆಗೆ ಬಿಗಿ ಮಾಡಬಹುದು.

ಉತ್ತರ, ವಿಜಯನಗರದಿಂದ

ಎರಡೂ ನೋಡಿದೆ ಸರ್, ಬಿಗಿಯಾಗಿವೆ. ಅದೂ ಅಲ್ಲದೆ ಸ್ಕ್ರೂ ಸಡಿಲ ಇದ್ದರೆ ಕೈಯಲ್ಲಿ ತುಂಬಿದಾಗಲೂ ಚದುರಬೇಕಿತ್ತು ಅಲ್ವಾ?

ಉತ್ತರ, ಮಲ್ಲೇಶ್ವರಂನಿಂದ

ನೋಡಮ್ಮ, ಕೊನೆಯ ಸಾಲಿನಲ್ಲಿ ನೀವೇ ಉತ್ತರ ಬರೆದುಬಿಟ್ಟಿದ್ದೀರಿ. ಬ್ಯಾರೆಲ್ ಚೆನ್ನಾಗಿದೆ. ಟ್ರಿಗರ್, ಸ್ಕೋಪ್, ನಿಮ್ಮ ಕೈ, ಎಲ್ಲವೂ ಚೆನ್ನಾಗಿವೆ. ತೊಂದರೆ ಇರುವುದು ಮ್ಯಾಗಝಿನ್ ಬಾಯಿಯಿಂದ ಚೇಂಬರ್ (ಬ್ಯಾರೆಲ್ ಹಿಂದೆ ತೋಟಾ ಕೂರುವ ಜಾಗ) ಬಾಯಿಯ ತನಕದ ಒಂದೆರಡು ಇಂಚು ದಾರಿಯಲ್ಲಿ.

ಗುರಿ ಅಭ್ಯಾಸದ .22ರ ಗುಂಡು ಬರೀ ಸೀಸ. ದೊಡ್ಡ ರೈಫಲ್‌ಗಳ ಗುಂಡಿಗೆ ಇರುವ ಹಾಗೆ ತಾಮ್ರದ ಕವಚ ಇರುವುದಿಲ್ಲ. ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಮೇಲೆ ತೆಳುವಾಗಿ ಮೇಣ ಇಲ್ಲವೇ ಜಿಡ್ಡು. ಉಗುರಲ್ಲಿ ಒತ್ತಿದರೂ ಗೆರೆ ಬೀಳುತ್ತದೆ. ಬೋಲ್ಟ್ ಮುಂದಕ್ಕೆ ತಳ್ಳಿದಾಗ ತೋಟಾ ಮ್ಯಾಗಝಿನ್‌ನಿಂದ ಮೂತಿ ಎತ್ತಿಕೊಂಡು ಹೊರಡುತ್ತದೆ. ಮ್ಯಾಗಝಿನ್‌ನ ಮೇಲಿನ ಎರಡು ಅಂಚು, ನಾವು ಲಿಪ್ಸ್ ಅನ್ನುತ್ತೇವಲ್ಲ, ಅವು ಸರಿಯಿದ್ದರೆ ನೇರವಾಗಿ ಚೇಂಬರ್ ಸೇರುತ್ತದೆ. ಒಂದು ಅಂಚು ಒಂದಿಷ್ಟು ಹಿಗ್ಗಿದ್ದರೂ ಸಾಕು, ಗುಂಡು ಓರೆಯಾಗಿ ಹೋಗಿ ಚೇಂಬರ್ ಅಂಚಿಗೆ ತಾಗುತ್ತದೆ. ಉಕ್ಕಿನ ಅಂಚು ಸೀಸವನ್ನು ಹೆರೆದು ಹಾಕುತ್ತದೆ.

ಆ ಗುಂಡು ಬ್ಯಾರೆಲ್‌ನಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿರುತ್ತದೆ. .22 ಬ್ಯಾರೆಲ್‌ನ ತಿರುವು ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ಲೆಕ್ಕ ಹಾಕಿದರೆ ಗುಂಡು ಸೆಕೆಂಡಿಗೆ 800 ಸುತ್ತು ತಿರುಗುತ್ತಿರುತ್ತದೆ. ಒಂದು ಪಕ್ಕ ತೂಕ ಕಡಿಮೆಯಾದ ಬುಗುರಿ ಹೇಗೆ ಓಲಾಡುತ್ತದೆ ನೋಡಿದ್ದೀರಲ್ಲ, ಇದೂ ಹಾಗೆಯೇ.

ನನಗೂ ಇದೇ ಆಗಿತ್ತು. ಮೂರು ತಿಂಗಳು ಸ್ಕೋಪ್ ಬದಲಾಯಿಸಿದೆ, ಸ್ಕ್ರೂ ಬಿಚ್ಚಿ ಕಟ್ಟಿದೆ, ತೋಟಾ ಬದಲಾಯಿಸಿದೆ. ಕೊನೆಗೆ ನಮ್ಮ ಕೋಚ್ ಒಂದು ತೋಟಾವನ್ನು ಹೊಡೆಯದೆ ಹೊರಗೆ ತೆಗೆಸಿ, ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ ಕೊಟ್ಟು ನೋಡು ಅಂದರು. ಗುಂಡಿನ ಭುಜದ ಮೇಲೆ ಅರ್ಧ ಅಕ್ಕಿಕಾಳಿನಷ್ಟು ಜಾಗ ಹೊಳೆಯುತ್ತಿತ್ತು. ಅದರ ತುದಿಯಲ್ಲಿ ಸೀಸದ ಒಂದು ಎಳೆ ಸುರುಳಿ ಸುತ್ತಿಕೊಂಡು ನಿಂತಿತ್ತು. ಅವತ್ತಿನಿಂದ ನನ್ನ ಕಿಟ್‌ನಲ್ಲಿ 10ಎಕ್ಸ್ ಭೂತಗನ್ನಡಿ ಇದ್ದೇ ಇರುತ್ತದೆ. ಚಿಕ್ಕಪೇಟೆಯಲ್ಲಿ ಸಿಗುತ್ತದೆ.

ನೀವೂ ಹೀಗೇ ಮಾಡಿ. ಮನೆಯಲ್ಲಿ ಬೇಡವೇ ಬೇಡ. ರೇಂಜ್‌ನಲ್ಲಿ, ಫೈರಿಂಗ್ ಲೈನ್‌ನಲ್ಲಿ, ರೇಂಜ್ ಆಫೀಸರ್‌ಗೆ ಹೇಳಿ, ನಳಿಕೆ ಟಾರ್ಗೆಟ್ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ. ಐದು ತೋಟಾಗಳ ಗುಂಡಿನ ಭಾಗಕ್ಕೆ ಕಪ್ಪು ಮಾರ್ಕರ್ ಹಚ್ಚಿ ಒಣಗಲು ಬಿಡಿ. ಮ್ಯಾಗಝಿನ್‌ಗೆ ತುಂಬಿ. ನೀವು ಯಾವಾಗಲೂ ತಳ್ಳುವ ವೇಗದಲ್ಲೇ ಬೋಲ್ಟ್ ಮುಚ್ಚಿ. ಆಮೇಲೆ ನಿಧಾನವಾಗಿ ಹಿಂದಕ್ಕೆ ಎಳೆದು ತೋಟಾವನ್ನು ಕೈಯಲ್ಲಿ ಹಿಡಿಯಿರಿ, ಕೆಳಗೆ ಬೀಳಿಸಬೇಡಿ. ಒಂದನೆಯದು, ಎರಡನೆಯದು ಅಂತ ಸಾಲಾಗಿ ಇಡಿ. ಸ್ಪ್ರಿಂಗ್‌ನ ಒತ್ತಡ ಮೊದಲ ತೋಟಾಗೆ ಒಂದು ಥರ, ಕೊನೆಯದಕ್ಕೆ ಇನ್ನೊಂದು ಥರ. ಹಾಗಾಗಿ ಎಲ್ಲ ಐದರಲ್ಲೂ ಗಾಯ ಇರಲೇಬೇಕು ಅಂತಿಲ್ಲ.

ಸುತ್ತಲೂ ಒಂದೇ ಅಂತರದಲ್ಲಿ ಸಣ್ಣ ಗೀರು ಕಂಡರೆ ಹೆದರಬೇಡಿ. ಅದು ಬ್ಯಾರೆಲ್ ಒಳಗಿನ ತಿರುವುಗೆರೆಗಳ ಗುರುತು. ಬಿಗಿಯಾದ ಮ್ಯಾಚ್ ಚೇಂಬರ್‌ನಲ್ಲಿ ಗುಂಡು ಸ್ವಲ್ಪ ಒಳಗೆ ಕಚ್ಚಿಕೊಂಡೇ ಕೂರುತ್ತದೆ. ಅದು ಒಳ್ಳೆಯ ಲಕ್ಷಣ. ಒಂದೇ ಪಕ್ಕ ಮಾರ್ಕರ್ ಬಣ್ಣ ಕಿತ್ತು ಸೀಸ ಹೊಳೆಯುತ್ತಿದ್ದರೆ ಅದೇ ನಿಮ್ಮ ಕಳ್ಳ.

ಒಂದು ಎಚ್ಚರಿಕೆ. ಚೇಂಬರ್ ತೀರಾ ಬಿಗಿಯಿದ್ದರೆ ಎಳೆದಾಗ ತೋಟಾದ ಹಿತ್ತಾಳೆ ಕೋಶ ಮಾತ್ರ ಬಂದು ಗುಂಡು ಒಳಗೇ ಉಳಿಯಬಹುದು, ಮದ್ದು ಚೆಲ್ಲಬಹುದು. ಹಾಗಾದರೆ ಮುಂದಿನ ತೋಟಾ ಹಾಕಲೇಬೇಡಿ. ಆಫೀಸರನ್ನು ಕರೆಯಿರಿ. ಹೊರಗೆ ತೆಗೆದ ಆ ಐದು ತೋಟಾಗಳನ್ನು ಗ್ರೂಪ್ (ಗುಂಡುಗಳು ಎಷ್ಟು ಒಟ್ಟಿಗೆ ಬೀಳುತ್ತವೆ ಅನ್ನುವುದು) ನೋಡಲು ಬಳಸಬೇಡಿ.

ಉತ್ತರ, ವಿಜಯನಗರದಿಂದ

ಸರ್, ಇವತ್ತು ಬೆಳಗ್ಗೆ ನೀವು ಹೇಳಿದ ಹಾಗೆಯೇ ಮಾಡಿದೆ. ಒಂದು, ಎರಡು, ಐದು ಚೆನ್ನಾಗಿವೆ. ಮೂರು ಮತ್ತು ನಾಲ್ಕನೆಯದಕ್ಕೆ ಬಲ ಭುಜದಲ್ಲಿ ಗಾಯ! ನೀವು ಬರೆದ ಸುರುಳಿ ಮೂರನೆಯದರಲ್ಲಿ ಹಾಗೇ ಇತ್ತು. ಆ ಹಿರಿಯರಿಗೂ ತೋರಿಸಿದೆ. ಮ್ಯಾಗಝಿನ್ ಒಮ್ಮೆ ಸಿಮೆಂಟ್ ನೆಲದ ಮೇಲೆ ಬಿದ್ದಿತ್ತು ಅಂತ ಅವರಿಗೆ ಆಗ ನೆನಪಾಯಿತು. ಬೆಳಕಿಗೆ ಹಿಡಿದರೆ ಎಡಗಡೆ ಅಂಚು ಹೊರಗೆ ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಇಕ್ಕಳದಲ್ಲಿ ಒತ್ತಿ ಸರಿ ಮಾಡಲಾ?

ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ತೊಂದರೆ ಇದ್ದರೆ ಕಳಚುವ ಮ್ಯಾಗಝಿನ್ ನನಗೆ ಬೇಕೇ ಬೇಕಾ?

ಉತ್ತರ, ಮಲ್ಲೇಶ್ವರಂನಿಂದ

ಇಕ್ಕಳ ಹಾಕಬೇಡಿ. ಲೈಸೆನ್ಸ್ ತೋರಿಸಿ ಡೀಲರ್ ಹತ್ತಿರ ಅದೇ ಮಾಡೆಲ್‌ನ ಹೊಸ ಮ್ಯಾಗಝಿನ್ ತರಿಸಿ. ಹೊಸದರಲ್ಲಿ ಗುಂಡು ಗಾಯವಿಲ್ಲದೆ ಒಳಗೆ ಹೋದರೆ ಆ ರೈಫಲ್‌ನಲ್ಲಿ ಯಾವ ದೋಷವೂ ಇಲ್ಲ. ಮ್ಯಾಗಝಿನ್ ಬೆಲೆಯನ್ನು ಮಾತಾಡಿ ಕಡಿಮೆ ಮಾಡಿಸಿಕೊಳ್ಳಿ, ಅದು ನ್ಯಾಯ.

ಎರಡನೆಯ ಪ್ರಶ್ನೆಯನ್ನು ಲೈಸೆನ್ಸ್ ತೆಗೆದುಕೊಳ್ಳುವ ಮೊದಲೇ ಎಲ್ಲರೂ ಕೇಳಿಕೊಳ್ಳಬೇಕು. ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದಲ್ಲಿ 50 ಮೀಟರ್ ರೈಫಲ್ ಅಂದರೆ ಪ್ರತಿ ಗುಂಡೂ ಕೈಯಲ್ಲೇ ತುಂಬುವುದು. ಅಲ್ಲಿ ಮ್ಯಾಗಝಿನ್‌ಗೆ ಕೆಲಸವೇ ಇಲ್ಲ. ಬೇಟೆಯ ಮಾತಂತೂ ವನ್ಯಜೀವಿ ಕಾಯ್ದೆಯಿಂದಾಗಿ ನಮ್ಮಲ್ಲಿ ಇಲ್ಲ. ಉಳಿದದ್ದು ಅಭ್ಯಾಸ. ಗುರಿಯಿಂದ ಕಣ್ಣು ತೆಗೆಯದೆ, ಭುಜದಿಂದ ಸ್ಟಾಕ್ ಇಳಿಸದೆ ಐದು ಗುಂಡು ಹೊಡೆಯುವ ಸುಖ ಮ್ಯಾಗಝಿನ್‌ನಲ್ಲಿ ನಿಜವಾಗಿಯೂ ಇದೆ. ನಿಂತು ಹೊಡೆಯುವ ಅಭ್ಯಾಸಕ್ಕೆ ನನಗೆ ಅದು ತುಂಬಾ ಇಷ್ಟ. ಮುಂದೆ ನ್ಯಾಷನಲ್ಸ್ ಕನಸು ಇದ್ದರೆ ಮಾತ್ರ ಇವತ್ತೇ ಸಿಂಗಲ್ ಶಾಟ್ ಕಡೆ ದುಡ್ಡು ಕೂಡಿಡಿ. ಎರಡನ್ನೂ ಒಂದೇ ರೈಫಲ್‌ನಲ್ಲಿ ಹುಡುಕಬೇಡಿ. ಕೆಲವು ಮ್ಯಾಗಝಿನ್ ರೈಫಲ್‌ಗಳಿಗೆ, ಜೆಕ್ ಕಂಪನಿ ಸಿಝಡ್ ಥರದವಕ್ಕೆ, ಮ್ಯಾಗಝಿನ್ ಜಾಗದಲ್ಲಿ ಕೂರಿಸುವ ಸಿಂಗಲ್ ಶಾಟ್ ಅಡಾಪ್ಟರ್ ಬರುತ್ತದೆ. ಕಲಿಯುವ ಕಾಲಕ್ಕೆ ಅದು ಸಾಕು.

ಮಾಡೆಲ್ ವಿಷಯ. ಸಿಝಡ್ 452, 455, 457 ಮೂರಕ್ಕೂ ಒಂದೇ ಮ್ಯಾಗಝಿನ್ ಹೊಂದುತ್ತದೆ. ನಮ್ಮ ಊರಿನಲ್ಲಿ ಇದು ದೊಡ್ಡ ಅನುಕೂಲ, ಯಾಕಂದರೆ ಸ್ಪೇರ್ ಸಿಗದ ರೈಫಲ್ ಒಂದು ಮ್ಯಾಗಝಿನ್ ಬಿದ್ದ ದಿನವೇ ಮೂಲೆ ಸೇರುತ್ತದೆ. 457ರಲ್ಲಿ ಬೋಲ್ಟ್ 60 ಡಿಗ್ರಿ ಎತ್ತಿದರೆ ಸಾಕು (ಹಳೆಯದರಲ್ಲಿ 90), ಸ್ಕೋಪ್‌ಗೆ ಕೈ ತಾಗುವುದಿಲ್ಲ. ಫಿನ್ಲೆಂಡಿನ ಟಿಕ್ಕಾ ಟಿ1ಎಕ್ಸ್‌ನಲ್ಲಿ 10 ತೋಟಾ ಹಿಡಿಸುತ್ತದೆ, ಬೋಲ್ಟ್ ಬೆಣ್ಣೆಯ ಹಾಗೆ ಜಾರುತ್ತದೆ. ಸ್ಯಾವೇಜ್ ಮಾರ್ಕ್ 2ರಲ್ಲಿ ಟ್ರಿಗರ್ ತೂಕವನ್ನು ನಾವೇ ಹೊಂದಿಸಿಕೊಳ್ಳಬಹುದು. ರುಗರ್ ಅಮೆರಿಕನ್ ರಿಮ್‌ಫೈರ್‌ಗೆ ಅದೇ ಕಂಪನಿಯ 10/22 ರೈಫಲ್‌ನ, ತೋಟಾ ಒಳಗೆ ಸುತ್ತುವ ಮ್ಯಾಗಝಿನ್ ಹೊಂದುತ್ತದೆ. ಜರ್ಮನಿಯ ಆನ್‌ಶುಟ್ಜ್ ಸಿಕ್ಕಿದರೆ ಕೇಳುವುದೇ ಬೇಡ. ಆದರೆ ಕ್ಯಾಟಲಾಗ್ ನೋಡಿ ಆಸೆ ಬೆಳೆಸಿಕೊಳ್ಳಬೇಡಿ. ವಿದೇಶದಿಂದ ತರಿಸಲು ಅರ್ಹ ಶೂಟರ್‌ಗಳಿಗೆ ಮಾತ್ರ ದಾರಿ ಇದೆ. ಉಳಿದವರಿಗೆ ಹೆಚ್ಚಾಗಿ ಕೈಯಿಂದ ಕೈಗೆ ಬಂದ ಹಳೆಯದು ಅಥವಾ ಇಶಾಪುರ್. ಇಶಾಪುರ್ ನೋಡುವುದಾದರೂ ಇದೇ ಮಾರ್ಕರ್ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಿ.

ಬ್ಯಾರೆಲ್ ಉದ್ದ ಇದ್ದರೆ ಗುರಿ ಜಾಸ್ತಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. .22ರ ಮದ್ದು 16ರಿಂದ 18 ಇಂಚಿನೊಳಗೇ ಬಹುತೇಕ ಉರಿದು ಮುಗಿಯುತ್ತದೆ. ಸ್ಕೋಪ್ ಇಲ್ಲದೆ ಕಬ್ಬಿಣದ ಸೈಟ್‌ನಲ್ಲಿ ಹೊಡೆಯುವವರಿಗೆ ಎರಡು ಸೈಟ್‌ಗಳ ನಡುವೆ ಅಂತರ ಸಿಗುತ್ತದೆ, ಅಷ್ಟೇ ಲಾಭ.

ಈಗ ತೋಟಾ. ಇದಕ್ಕೆ ಎಷ್ಟು ಗಮನ ಕೊಟ್ಟರೂ ಕಡಿಮೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. ಎರಡು ಗುಂಡುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೆ ಅಲ್ಲಿ ಮೇಲೆ ಕೆಳಗೆ ಸುಮಾರು 7 ಮಿಲಿಮೀಟರ್ ವ್ಯತ್ಯಾಸ. ಒಂದೇ ಸಮನಾದ ತೋಟಾಗೆ ಬೆಲೆ ಜಾಸ್ತಿ ಇರುವುದು ಇದಕ್ಕೇ. ಶಬ್ದಕ್ಕಿಂತ ವೇಗದ ಹೈ ವೆಲಾಸಿಟಿ ಬೇಡ, ಸ್ಟ್ಯಾಂಡರ್ಡ್ ವೆಲಾಸಿಟಿ ತೆಗೆದುಕೊಳ್ಳಿ. ನಮ್ಮ ಖಡ್ಕಿ ಕಾರ್ಖಾನೆಯದು, ಹೊರದೇಶದ ಎಸ್‌ಕೆ, ಎಲಿ, ಯಾವುದು ನಿಮಗೆ ವರ್ಷವಿಡೀ ಸಿಗುತ್ತದೋ ಅದರ ಒಂದೊಂದು ಡಬ್ಬ ತನ್ನಿ. ತೋಟಾ ಬದಲಾಯಿಸಿದಾಗ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊಸ ಮೇಣ ಬ್ಯಾರೆಲ್‌ಗೆ ಹಿಡಿಯಲಿ. ಆಮೇಲೆ ಐದೈದರ ನಾಲ್ಕು ಗ್ರೂಪ್ ಹೊಡೆಯಿರಿ. ಪಕ್ಕದ ಲೇನ್‌ನವರಿಗೆ ಸರಿ ಹೋದದ್ದು ನಿಮ್ಮ ಬ್ಯಾರೆಲ್‌ಗೆ ಸರಿ ಹೋಗದೆ ಇರಬಹುದು, ಒಂದೇ ಕಂಪನಿಯ ರೈಫಲ್ ಆದರೂ ಸರಿ.

ಸ್ಟಾಕ್ ಮರದ್ದಾದರೆ ಜೂನ್‌ನಿಂದ ಅಕ್ಟೋಬರ್ ತನಕ ಒಂದು ಕಣ್ಣಿಟ್ಟಿರಿ. ಬೆಂಗಳೂರಿನ ಮಳೆಗಾಲದ ತೇವಕ್ಕೆ ಮರ ಹಿಗ್ಗಿ ಬ್ಯಾರೆಲ್ ಪಕ್ಕಕ್ಕೆ ಒತ್ತುತ್ತದೆ. ಬ್ಯಾರೆಲ್ ಮರಕ್ಕೆ ತಾಗದೆ ತೇಲುವಂತೆ ಕೂರಿಸಿದ ರೈಫಲ್ ಆದರೆ ಹತ್ತು ರೂಪಾಯಿ ನೋಟನ್ನು ಬ್ಯಾರೆಲ್‌ಗೂ ಮರಕ್ಕೂ ನಡುವೆ ತೂರಿಸಿ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಒತ್ತುತ್ತಿದೆ.

ಉತ್ತರ, ಕೋರಮಂಗಲದಿಂದ

ನಮ್ಮದು ವಿರಾಜಪೇಟೆ ಕಡೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋದಾಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಅಣ್ಣನ .22 ಹೀಗೇ ಕಾಟ ಕೊಟ್ಟಿತ್ತು. ಅವನ ಹತ್ತಿರ ಎರಡು ಮ್ಯಾಗಝಿನ್, ಯಾವುದು ಕೆಟ್ಟದ್ದು ಅಂತ ಗೊತ್ತಿರಲಿಲ್ಲ. ಈಗ ತಳಕ್ಕೆ ಪೇಂಟ್‌ನಲ್ಲಿ 1, 2 ಅಂತ ಬರೆದಿದ್ದಾನೆ. ಅಕ್ಕ, ನೀವೂ ಹೊಸದು ಬಂದ ತಕ್ಷಣ ನಂಬರ್ ಹಾಕಿ.

ಉತ್ತರ, ವಿಜಯನಗರದಿಂದ

ಹೊಸ ಮ್ಯಾಗಝಿನ್ ಬಂತು. ತಳದಲ್ಲಿ 2 ಅಂತ ಬರೆದೆ. ಮಾರ್ಕರ್ ಹಚ್ಚಿದ ಐದೂ ತೋಟಾ ಹೊರಗೆ ಬಂದಾಗ ಸುತ್ತಲೂ ಸಮನಾದ ಸಣ್ಣ ಗೀರು ಬಿಟ್ಟರೆ ಏನೂ ಇಲ್ಲ. ನಾಲ್ಕು ಗ್ರೂಪ್ ಹೊಡೆದೆ. ಮೂರು ನಾಣ್ಯದ ಕೆಳಗೆ ಬಂದವು. ನಾಲ್ಕನೆಯದರಲ್ಲಿ ಒಂದು ಗುಂಡು ಎಡಕ್ಕೆ ಹೋಯಿತು, ಅದು ನಾನೇ ಟ್ರಿಗರ್ ರಪ್ಪನೆ ಎಳೆದದ್ದು, ಹೊಡೆಯುವಾಗಲೇ ಗೊತ್ತಾಯಿತು. ಆ ಹಿರಿಯರು ಮ್ಯಾಗಝಿನ್ ಬೆಲೆ ತಾವಾಗಿಯೇ ಬಿಟ್ಟುಕೊಟ್ಟರು. ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಈಗಲೇ ಮನೆಗೆ ತರಬಹುದಾ?

ಉತ್ತರ, ಮಲ್ಲೇಶ್ವರಂನಿಂದ

ತುಂಬಾ ಸಂತೋಷ ಆಯಿತಮ್ಮ. ಈಗಲೇ ತರಬೇಡಿ. ಖಾಸಗಿಯಾಗಿ ಮಾರುವಾಗ ಅವರು ಮೊದಲು ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು, ಆಮೇಲೆ 45 ದಿನ ಕಳೆಯಬೇಕು. ಆಯುಧ ಕಾಯ್ದೆಯಲ್ಲೇ ಹಾಗಿದೆ. ಅವರ ಲೈಸೆನ್ಸ್‌ನಿಂದ ತೆಗೆದು ನಿಮ್ಮದರಲ್ಲಿ ನಂಬರ್ ಸಮೇತ ಬರೆಸಿದ ಮೇಲೆಯೇ ಕೈಗೆ ತೆಗೆದುಕೊಳ್ಳಿ. ಅಲ್ಲಿಯ ತನಕ ಪ್ರತಿ ಭಾನುವಾರ ಅವರ ಜೊತೆಯಲ್ಲೇ ರೇಂಜ್‌ಗೆ ಬನ್ನಿ, ಮೂರು ಥರದ ತೋಟಾ ಪರೀಕ್ಷೆ ಅಷ್ಟರಲ್ಲಿ ಮುಗಿಯುತ್ತದೆ. ಬಾಗಿದ ಆ ಹಳೆಯ ಮ್ಯಾಗಝಿನ್ ಎಸೆಯಬೇಡಿ, ಲಿಪ್ಸ್ ಹೇಗೆ ಬಾಗುತ್ತದೆ ಅಂತ ಹೊಸ ಹುಡುಗರಿಗೆ ತೋರಿಸಲು ನನಗೆ ಬೇಕು.