ಚಂದ್ರತಾಲ್ ಕ್ಯಾಂಪಿಂಗ್: 14 ಜನ, ಮೇ ರಜೆ, ಮನಾಲಿಯಿಂದ ನೇರ ಹೋಗಬಹುದಾ?

ಕುಂದಾಪ್ರ_ಪಯಣಿಗ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಹಿಮಾಚಲದ ಚಂದ್ರತಾಲ್ ಸರೋವರಕ್ಕೆ ಹೋಗುವ ಯೋಚನೆ ಇದೆ. ಒಟ್ಟು 14 ಜನ. ಎಲ್ಲರಿಗಿಂತ ಚಿಕ್ಕವನಿಗೆ 9 ವರ್ಷ, ದೊಡ್ಡಪ್ಪನಿಗೆ 66. ದೊಡ್ಡಪ್ಪ ಬಿಪಿ ಮಾತ್ರೆ ತಗೊಳ್ತಾರೆ. ಅಮೆರಿಕದಿಂದ ಬರುವ ಅತ್ತೆಯ ಮಕ್ಕಳಿಬ್ಬರದ್ದು ಅಲ್ಲಿನ ಪಾಸ್‌ಪೋರ್ಟ್, ಜೊತೆಗೆ ಓಸಿಐ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವ) ಕಾರ್ಡ್.

ಸದ್ಯದ ಪ್ಲಾನ್ ಹೀಗಿದೆ: ಮೇ 18ರ ಸುಮಾರಿಗೆ ಬೆಂಗಳೂರಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ 17 ಸೀಟಿನ ಟೆಂಪೋ ಟ್ರಾವೆಲರ್, ಮನಾಲಿಯಲ್ಲಿ ಒಂದು ರಾತ್ರಿ, ಮರುದಿನ ಚಂದ್ರತಾಲ್. ಸರೋವರದ ದಂಡೆಯಲ್ಲೇ ನಮ್ಮ ಟೆಂಟ್ ಹಾಕಿ ಎರಡು ರಾತ್ರಿ ಇರುವುದು. ಅಡುಗೆ ನಾವೇ ಮಾಡಿಕೊಳ್ತೇವೆ. ಇದರಲ್ಲಿ ಏನು ಸರಿ ಇಲ್ಲ ಅಂತ ನೇರವಾಗಿ ಹೇಳಿ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಹಿಮದಾರಿ

ಟಿಕೆಟ್ ಮಾಡದೆ ಇರುವುದು ಒಳ್ಳೆಯದಾಯಿತು. ಮೇ ತಿಂಗಳು ಬಿಟ್ಟುಬಿಡಿ. ನಮ್ಮ ಕಡೆ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಇನ್ನೂ ಹಿಮ ಕಡಿಯುವ ಕೆಲಸ ನಡೆಯುತ್ತಿರುತ್ತದೆ. ಸ್ಪಿತಿ ಕಣಿವೆಗೆ ದಾಟುವ ಎತ್ತರದ ದಾರಿ, ಕುಂಜುಮ್ ಪಾಸ್, ತೆರೆಯುವುದೇ ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಿ. ಚಂದ್ರತಾಲ್‌ಗೆ ಒಡೆಯುವ ಕವಲುದಾರಿ ಅದಕ್ಕಿಂತ ತಡ. ಕ್ಯಾಂಪ್‌ನವರು ಮೇಲೆ ಹೋಗಿ ಟೆಂಟ್ ಹೂಡುವುದು ಜೂನ್ ಮಧ್ಯದ ಆಸುಪಾಸು. ಜೂನ್ ಕೊನೆಯ ವಾರ ಇಲ್ಲವೇ ಸೆಪ್ಟೆಂಬರ್ ಇಟ್ಟುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಸ್ಪಿತಿಯಲ್ಲಿ ಮಳೆ ಕಡಿಮೆಯೇ. ಆದರೆ ಅಲ್ಲಿಗೆ ಹೋಗುವ ದಾರಿ ಮನಾಲಿ ಕಡೆಯಿಂದಾಗಲಿ ಕಿನ್ನೌರ್ ಕಡೆಯಿಂದಾಗಲಿ ಮಳೆಗೆ ಕುಸಿಯುತ್ತದೆ. 2023ರ ಜುಲೈನಲ್ಲಿ ಮಳೆ, ಹಿಮ ಎರಡೂ ಸೇರಿ ದಾರಿ ಮುಚ್ಚಿ, ಸುಮಾರು 300 ಪ್ರವಾಸಿಗರು ಚಂದ್ರತಾಲ್‌ನಲ್ಲೇ ಕೆಲವು ದಿನ ಸಿಕ್ಕಿಹಾಕಿಕೊಂಡಿದ್ದರು.

ಇನ್ನು ಮುಖ್ಯ ವಿಷಯ, ಎತ್ತರ. ಮನಾಲಿ ಸುಮಾರು 2,050 ಮೀಟರ್, ಚಂದ್ರತಾಲ್ ಸುಮಾರು 4,250. ನಿಮ್ಮ ಪ್ಲಾನ್ ಪ್ರಕಾರ ಒಂದೇ ಹಗಲಲ್ಲಿ 2,200 ಮೀಟರ್ ಏರಿ, ಅವತ್ತೇ ರಾತ್ರಿ ಅಲ್ಲಿ ಮಲಗುತ್ತೀರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಸರಾಸರಿ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಲೆಕ್ಕ. ಹಗಲು ಎಷ್ಟು ಎತ್ತರ ಮುಟ್ಟಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. 14 ಜನ ಹೀಗೆ ಹೋದರೆ ಕೆಲವರಿಗಾದರೂ ತಲೆನೋವು, ವಾಂತಿ ಖಂಡಿತ. ಫಿಟ್ ಆಗಿರುವ ಹುಡುಗರಿಗೂ ಇದು ತಪ್ಪುವುದಿಲ್ಲ. ಜಿಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಆದ್ದರಿಂದ ದಾರಿ ತಿರುಗಿಸಿ, ಚಂದ್ರತಾಲ್ ಕೊನೆಗೆ ಬರಲಿ. ಚಂಡೀಗಢದಿಂದ ಮೊದಲ ರಾತ್ರಿ ನಾರ್ಕಂಡಾ (2,700), ಎರಡನೆಯದು ಕಲ್ಪಾ (2,960), ಮೂರನೆಯದು ತಾಬೊ (3,280), ಆಮೇಲೆ ಕಾಜಾದಲ್ಲಿ (ಸುಮಾರು 3,650) ಎರಡು ರಾತ್ರಿ. ಕಾಜಾದ ಎರಡನೇ ದಿನ ಕೀ ಮಠ, ಕಿಬ್ಬರ್ ನೋಡಿಕೊಂಡು ಸಂಜೆಗೆ ಕೆಳಗೆ ಬಂದು ಮಲಗಿ. ಆ ದಿನ ವಿಶ್ರಾಂತಿಯೂ ಹೌದು, ಮೈ ಒಗ್ಗಿಸಿಕೊಳ್ಳುವುದೂ ಹೌದು. ಆರನೇ ದಿನ ಲೋಸರ್, ಕುಂಜುಮ್ ದಾಟಿ ಚಂದ್ರತಾಲ್. ಅಲ್ಲಿಂದ ಬಾತಲ್, ಛತ್ರು, ಗ್ರಾಂಫೂ ಮೂಲಕ ಅಟಲ್ ಸುರಂಗ ಹೊಕ್ಕು ಮನಾಲಿ. ನಾಲ್ಕೈದು ದಿನ ಹೆಚ್ಚಾಗುತ್ತದೆ, ನಿಜ. ಅಷ್ಟು ರಜೆ ಇಲ್ಲದಿದ್ದರೆ ಚಂದ್ರತಾಲ್ ಈ ಸಲ ಬೇಡ.

ಎತ್ತರದ ಕಾಯಿಲೆ ಬಾರದಂತೆ ತಗೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ: ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮುಜುಮು ಅನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಸಲ್ಫಾ ಔಷಧಿಗೆ ಅಲರ್ಜಿ ಇರುವವರು, ಮಕ್ಕಳು, ಬಿಪಿಯ ನಿಮ್ಮ ದೊಡ್ಡಪ್ಪ, ಈ ಮೂವರ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಕೊಡಬೇಡಿ. ಬಿಪಿ ಮಾತ್ರೆಗಳಲ್ಲಿ ಕೆಲವು ಮೊದಲೇ ಮೂತ್ರ ಹೆಚ್ಚಿಸುವಂಥವು.

ಓಸಿಐ ಇದ್ದರೂ ಇಲ್ಲಿ ವಿದೇಶಿಯರ ಲೆಕ್ಕವೇ. ಕಿನ್ನೌರ್‌ನಿಂದ ಸ್ಪಿತಿಗೆ ದಾಟುವ ಗಡಿ ಭಾಗಕ್ಕೆ ಅವರಿಬ್ಬರಿಗೂ ಪರ್ಮಿಟ್ ಬೇಕು. ರೆಕಾಂಗ್ ಪಿಯೊದಲ್ಲಿ ಮಾಡಿಸಬಹುದು. ಕಲ್ಪಾದಲ್ಲಿ ಉಳಿದ ಮರುದಿನ ಬೆಳಿಗ್ಗೆ ಕಚೇರಿ ತೆರೆದಿರುವ ವಾರದ ದಿನ ಬರುವಂತೆ ಲೆಕ್ಕ ಹಾಕಿಕೊಳ್ಳಿ.

ಗಾಡಿ: 17 ಸೀಟಿನದು ಬೇಡ. ಕವಲಿನಿಂದ ಸರೋವರದ ಕಡೆಗಿನ 12–14 ಕಿ.ಮೀ. ಒಂದೇ ಗಾಡಿ ಹಿಡಿಸುವ ಕಲ್ಲುದಾರಿ. ಎದುರಿಗೆ ಇನ್ನೊಂದು ಬಂದರೆ ಉದ್ದನೆಯ ಗಾಡಿ ಹಿಂದಕ್ಕೆ ತೆಗೆಯುವುದು ಕಷ್ಟ. ನೆಲದಿಂದ ಎತ್ತರ ಇರುವ ಮೂರು ಗಾಡಿ ಮಾಡಿ, ತಲಾ ಐದು ಜನರಂತೆ. ಒಂದು ಕೆಟ್ಟರೂ ಎರಡು ಉಳಿಯುತ್ತವೆ. ಕಾಜಾದಲ್ಲಿ ಟ್ಯಾಂಕ್ ತುಂಬಿಸಿ. ಬಾತಲ್–ಗ್ರಾಂಫೂ ದಾರಿಯಲ್ಲಿ ಬಂಕ್ ಇಲ್ಲ.

ಗೂಟ_ಹಗ್ಗ

ದಂಡೆಯ ಮೇಲೆ ಟೆಂಟ್ ಹಾಕುವುದಕ್ಕೆ ನಿಷೇಧ ಇದೆ. ಚಂದ್ರತಾಲ್ 2005ರಿಂದ ರಾಮ್ಸಾರ್ ಪಟ್ಟಿಯ (ಅಂತರರಾಷ್ಟ್ರೀಯ ಮಹತ್ವದ) ಜೌಗು ಪ್ರದೇಶ, ಸುತ್ತಲೂ ವನ್ಯಜೀವಿ ಧಾಮ. ಕ್ಯಾಂಪ್‌ಗಳೆಲ್ಲ ಎರಡು–ಮೂರು ಕಿ.ಮೀ. ಹಿಂದೆಯೇ ಇವೆ. ಅಲ್ಲಿನವರಿಗೆ ಶುಲ್ಕ ಕೊಟ್ಟು ಅವರ ಜಾಗದಲ್ಲಿ ನಿಮ್ಮ ಟೆಂಟ್ ಹಾಕಿಕೊಳ್ಳಬಹುದಾ ಎಂದು ಹೋಗುವ ಮೊದಲೇ ಫೋನ್‌ನಲ್ಲಿ ಕೇಳಿ. ಹಾಗೆ ಮಾಡಿದರೆ ಅವರ ಶೌಚಾಲಯ, ನೀರು ಎರಡೂ ಸಿಗುತ್ತವೆ. 14 ಜನರ ಗುಂಪಿಗೆ ಇದು ಸಣ್ಣ ಮಾತಲ್ಲ. ನೀರಿಗಿಳಿದು ಈಜುವುದೂ ಕೂಡದು. ಹಿಮ ಕರಗಿದ ನೀರು ಅದು, ಕೈಕಾಲು ಮರಗಟ್ಟಲು ಕೆಲವೇ ನಿಮಿಷ ಸಾಕು.

ಮೂರು ಜನರದು ಅಂತ ಬರೆದಿರುವ ಟೆಂಟ್‌ನಲ್ಲಿ ಸಾಮಾನಿನ ಜೊತೆ ಮಲಗುವುದು ಇಬ್ಬರೇ. ಹಾಗಾಗಿ ಏಳು ಟೆಂಟ್. ಹೊರಹೊದಿಕೆ ನೆಲದವರೆಗೂ ಇಳಿಯುವಂಥದ್ದು ಇರಲಿ. ಅರ್ಧಕ್ಕೇ ನಿಲ್ಲುವ ಅಗ್ಗದ ಟೆಂಟ್‌ನಲ್ಲಿ ಗಾಳಿಯೂ ಧೂಳೂ ಕೆಳಗಿಂದ ನುಗ್ಗುತ್ತವೆ. ಅಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು, ಆದ್ದರಿಂದ ಎರಡು ಗಂಟೆಯೊಳಗೆ ಟೆಂಟ್ ನಿಲ್ಲಿಸಿಬಿಡಿ. ನೆಲ ಪೂರ್ತಿ ಕಲ್ಲು, ಟೆಂಟ್ ಜೊತೆ ಬರುವ ತೆಳು ಗೂಟ ಬಾಗಿಹೋಗುತ್ತದೆ. ಹಗ್ಗದ ತುದಿಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ, ಅದರ ಮುಂದೆ, ಟೆಂಟ್ ಕಡೆಗೆ, ಇನ್ನೊಂದು ದೊಡ್ಡ ಕಲ್ಲು ಇಡಿ. ಗಾಳಿ ಎಳೆದಾಗ ಚಿಕ್ಕ ಕಲ್ಲು ದೊಡ್ಡದಕ್ಕೆ ಒತ್ತಿ ನಿಲ್ಲುತ್ತದೆ. ಬರೀ ಒಂದೇ ಕಲ್ಲಿಗೆ ಕಟ್ಟಿದರೆ ರಾತ್ರಿ ಜಾರುತ್ತದೆ. ಟೆಂಟ್‌ಗೆ ಆರು ಮೀಟರ್ ಹೆಚ್ಚುವರಿ ಹಗ್ಗ ಒಯ್ಯಿರಿ. ಬಾಗಿಲು ಗಾಳಿಗೆ ಬೆನ್ನು ಹಾಕಿರಲಿ. ಸಮತಟ್ಟಾಗಿ ಕಾಣುತ್ತದೆ ಅಂತ ಒಣಗಿದ ತೊರೆಯ ಪಾತ್ರದಲ್ಲಿ ಹಾಕಬೇಡಿ.

ಜೂನ್ ಕೊನೆಯಲ್ಲೂ ರಾತ್ರಿ ಸೊನ್ನೆಯ ಸುತ್ತಮುತ್ತ ಇಳಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಇನ್ನೂ ಕೆಳಗೆ. ಸ್ಲೀಪಿಂಗ್ ಬ್ಯಾಗ್ ಮೇಲಿನ ಅಂಕಿಗಳಲ್ಲಿ ಎರಡನ್ನು ಗಮನಿಸಿ: ಹಾಯಾಗಿ ನಿದ್ದೆ ಬರುವ ಕಂಫರ್ಟ್ ತಾಪ ಒಂದು, ಜೀವ ಉಳಿಯುವ ಎಕ್ಸ್‌ಟ್ರೀಮ್ ತಾಪ ಇನ್ನೊಂದು. ಬಾಡಿಗೆ ಅಂಗಡಿಯವರು ಹೇಳುವುದು ಹೆಚ್ಚಾಗಿ ಎರಡನೆಯದು. ನೀವು ಕಂಫರ್ಟ್ ಮೈನಸ್ 5 ಇರುವುದನ್ನೇ ಕೇಳಿ ಪಡೆಯಿರಿ. ಬ್ಯಾಗ್ ಎಷ್ಟೇ ದಪ್ಪ ಇದ್ದರೂ ಮೈಭಾರಕ್ಕೆ ಅಡಿಭಾಗ ಅಪ್ಪಚ್ಚಿಯಾಗಿ ಚಳಿ ನೆಲದಿಂದಲೇ ಏರುತ್ತದೆ, ಅದಕ್ಕೆ ಒಬ್ಬೊಬ್ಬರಿಗೂ ಎರಡು ಫೋಮ್ ಮ್ಯಾಟ್ ಹಾಸಿ. ಚಳಿ ಅಂತ ಟೆಂಟ್‌ನ ಗಾಳಿಕಿಂಡಿ ಮುಚ್ಚಬೇಡಿ. ಉಸಿರಿನ ತೇವ ಒಳಗೇ ಹನಿಯಾಗಿ ಬೆಳಗಿನ ಹೊತ್ತಿಗೆ ಬ್ಯಾಗ್ ಒದ್ದೆಯಾಗಿರುತ್ತದೆ.

ಸೌಟು_ಬಾಣಲಿ

ಅಡಗಿ ಮಾತು ನಾ ಹೇಳ್ತೀನ್ರಿ. ಆ ಎತ್ತರದಾಗ ನೀರು 86 ಡಿಗ್ರಿಗೇ ಕುದಿತೈತಿ. ತೆರೆದ ಪಾತ್ರಿಯೊಳಗ ಬ್ಯಾಳಿ ಎಷ್ಟೊತ್ತು ಇಟ್ರೂ ಬೇಯೂದಿಲ್ಲ. ಕುಕ್ಕರ್ ಬೇಕೇ ಬೇಕು. ಆದ್ರ ಹೊರಗಿನ ಒತ್ತಡನೇ ಕಡಿಮಿ ಇರೋದಕ್ಕ ಕುಕ್ಕರ್ ಒಳಗೂ ಊರಾಗಿನ 120 ಡಿಗ್ರಿ ಆಗೂದಿಲ್ಲ, 113ರ ಸುತ್ತ ನಿಲ್ತೈತಿ. ತೊಗರಿಬ್ಯಾಳಿ ಬಿಟ್ಟು ಹೆಸರುಬ್ಯಾಳಿ ಒಯ್ರಿ. ಅಕ್ಕಿ, ಬ್ಯಾಳಿ ಎರಡೂ ಅರ್ಧ ತಾಸು ನೆನಸಿ, ಊರಾಗ ಮೂರು ಸೀಟಿ ಹಾಕಿಸ್ತಿದ್ರ ಅಲ್ಲಿ ಐದು ಹಾಕಿಸ್ರಿ. ಒತ್ತಡ ತಾನಾಗೇ ಇಳಿಯೂ ತನಕ ಮುಚ್ಚಳ ತೆಗೀಬ್ಯಾಡ್ರಿ, ಆ ಹತ್ತು ನಿಮಿಷದಾಗೂ ಬೇಯ್ತಿರ್ತೈತಿ.

14 ಮಂದಿಗೆ ಒಂದು ಹೊತ್ತಿಗೆ ಅಕ್ಕಿ 1.1 ಕಿಲೋ, ಹೆಸರುಬ್ಯಾಳಿ 600 ಗ್ರಾಂ. ಐದು ಲೀಟರ್ ಕುಕ್ಕರ್‌ನಾಗ ಒಮ್ಮೆಲೆ ಮುಕ್ಕಾಲು ಕಿಲೋ ಅಕ್ಕಿಗಿಂತ ಹೆಚ್ಚು ಹಾಕಬಾರದು, ಎರಡು ಪಾಳಿ ಮಾಡ್ರಿ ಇಲ್ಲಾ ಎರಡು ಕುಕ್ಕರ್ ಒಯ್ರಿ. ಗ್ಯಾಸ್ಕೆಟ್ ಒಂದು ಹೆಚ್ಚಿಗಿ ಇರ್ಲಿ, ಚಳಿಗೆ ರಬ್ಬರ್ ಗಡುಸಾಗಿ ಹಬೆ ಸೋರ್ತೈತಿ. ಮುಂಜಾನಿಗೆ ಅವಲಕ್ಕಿ ಛಲೋ, 1.2 ಕಿಲೋ ಸಾಕು. ಬೇಯಿಸೂ ಕೆಲಸನೇ ಇಲ್ಲ, ಒಗ್ಗರಣಿ ಕೊಟ್ರ ಮುಗೀತು. ಎತ್ತರದಾಗ ಹಸಿವು ಸಾಯ್ತೈತಿ, ಎಣ್ಣಿದು ಮಸಾಲಿದು ಯಾರಿಗೂ ಸೇರೂದಿಲ್ಲ. ಮೊದಲ ರಾತ್ರಿ ತೆಳು ಹುಗ್ಗಿ, ನಿಂಬಿಹುಳಿ ಸಾರು ಮಾಡ್ರಿ. ಚಟ್ನಿಪುಡಿ ಪ್ಯಾಕೆಟ್ ಉಬ್ಬಿ ಒಡೀತಾವು, ಡಬ್ಬಿಗೆ ಹಾಕ್ಕೊಂಡು ಹೋಗ್ರಿ. ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ನಿಧಾನಕ ತಿರುವ್ರಿ, ಎಣ್ಣಿ ಹೊರಗ ಚಿಮ್ತೈತಿ.

ಗ್ಯಾಸ್ ವಿಮಾನದಾಗ ಬಿಡೂದಿಲ್ಲ, ಚೆಕ್-ಇನ್ ಬ್ಯಾಗಿನ್ಯಾಗೂ ಇಲ್ಲ. ಸಣ್ಣ ಬ್ಯೂಟೇನ್ ಕ್ಯಾನ್ ನಂಬಬ್ಯಾಡ್ರಿ: ಸೊನ್ನಿ ಡಿಗ್ರಿ ಹತ್ರ ಬಂತಂದ್ರ ಬ್ಯೂಟೇನ್ ಆವಿ ಆಗೂದು ಕಡಿಮಿ ಆಗಿ ಉರಿ ಸೊರಗ್ತೈತಿ. ಚಂಡೀಗಢದಾಗ ಐದು ಕಿಲೋ ಸಿಲಿಂಡರ್ ತಗೊಂಡು ನೆಟ್ಟಗ ನಿಲ್ಲಿಸಿ ಕಟ್ಟಿ ಒಯ್ರಿ, ಎರಡು ರಾತ್ರಿಗೆ ಧಾರಾಳ ಆಗ್ತೈತಿ. ಒಲಿಗೆ ಮೂರೂ ಕಡೆ ಗಾಳಿತಡೆ ಬೇಕು. ಎಷ್ಟೇ ಚಳಿ ಇರ್ಲಿ ಟೆಂಟ್ ಒಳಗ ಒಲಿ ಹಚ್ಚಬ್ಯಾಡ್ರಿ. ವಾಸನಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮಲಗಿದಲ್ಲೇ ಜೀವ ತೆಗೀತೈತಿ. ಸುತ್ತ ಒಂದು ಗಿಡ ಇಲ್ಲ, ಕಟ್ಟಿಗಿ ಒಲಿ ಆಸೆನೂ ಬಿಡ್ರಿ.

ಕುಡಿಯಾಕ ತಲಾ ಮೂರು ಲೀಟರ್ ನೀರು, ಅಂದ್ರ ದಿನಕ್ಕ 42 ಲೀಟರ್. ತೊರೆ ನೀರು ಸೋಸಿ, ಕುದಿ ಬಂದ ಮ್ಯಾಲೆ ಮೂರು ನಿಮಿಷ ಕುದಿಸಿದ್ರ ಸಾಕು. ದಾರಿ ಮುಚ್ಚಿದ್ರ ಅಂತ ಎರಡು ದಿನದ ಅಕ್ಕಿ ಬ್ಯಾಳಿ ಕಟ್ಟಿ ಬ್ಯಾರೆ ಇಡ್ರಿ, ಅದನ್ನ ಮುಟ್ಟಬ್ಯಾಡ್ರಿ.

ಕುಂದಾಪ್ರ_ಪಯಣಿಗ

ತುಂಬಾ ಧನ್ಯವಾದ. ದೊಡ್ಡವರೆಲ್ಲ ಜೂನ್ ಕೊನೆಗೆ ಹೋಗುವುದು, ಮಕ್ಕಳು ಮತ್ತು ದೊಡ್ಡಪ್ಪನನ್ನು ಮೇನಲ್ಲಿ ಬೇರೆ ಎಲ್ಲಿಗಾದರೂ ಕರೆದೊಯ್ಯುವುದು ಅಂತ ಮನೆಯಲ್ಲಿ ಮಾತಾಯ್ತು. ಅವರಿಗೆ ಯಾವ ಸರೋವರ ಆದೀತು? ಇನ್ನೊಂದು, ಚಂದ್ರತಾಲ್‌ನಲ್ಲಿ ರಾತ್ರಿ ಯಾರಿಗಾದರೂ ಎತ್ತರದ ಕಾಯಿಲೆ ಜೋರಾದರೆ ಏನು ಮಾಡುವುದು? ಸ್ಪ್ರೇ ಥರದ ಆಕ್ಸಿಜನ್ ಕ್ಯಾನ್ ಸಾಕಾಗುತ್ತದಾ?

ಹಿಮದಾರಿ

ಮೇನಲ್ಲಿ ಪರಾಶರ ಸರೋವರ ನೋಡಿ. ಮಂಡಿಯಿಂದ ಸುಮಾರು 50 ಕಿ.ಮೀ., ಎತ್ತರ 2,730 ಮೀಟರ್. ಸರೋವರದ ಹತ್ತಿರದವರೆಗೂ ರಸ್ತೆ ಇದೆ. ಮೂರಂತಸ್ತಿನ ಮರದ ದೇವಸ್ಥಾನ, ನೀರಿನ ಮೇಲೆ ತೇಲುವ ಹುಲ್ಲಿನ ನಡುಗಡ್ಡೆ, ಮಕ್ಕಳಿಗೆ ನೋಡಲು ಬೇಕಾದಷ್ಟಿದೆ. ಮಂಡಿಯಲ್ಲಿ ಒಂದು ರಾತ್ರಿ ಮಲಗಿ ಹೋದರೆ ಸಾಕು. ಟೆಂಟ್ ಎಲ್ಲಿ ಹಾಕಬಹುದು ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ, ಅದೂ ಪವಿತ್ರ ಸರೋವರ, ದಂಡೆಯಲ್ಲಿ ಬಿಡುವುದಿಲ್ಲ.

ಆಕ್ಸಿಜನ್ ಕ್ಯಾನ್ ಕೆಲವೇ ನಿಮಿಷಕ್ಕೆ ಖಾಲಿ. ಒಯ್ಯುವುದಾದರೆ ರೆಗ್ಯುಲೇಟರ್, ಮಾಸ್ಕ್ ಸಮೇತ ಸಿಲಿಂಡರ್ ಒಯ್ಯಿರಿ, ಅದೂ ಕೆಳಗಿಳಿಯುವ ದಾರಿಯಲ್ಲಿ ಬಳಸಲು. ಬರೀ ತಲೆನೋವು ಇದ್ದರೆ ಅಲ್ಲೇ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್. ಇನ್ನೂ ಮೇಲೆ ಹೋಗುವುದು ಬೇಡ. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ, ಮಾತು ತಪ್ಪಿದರೆ, ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಕ್ಸಿಮೀಟರ್ ನೋಡುವ ಮೊದಲು ಬೆರಳು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿದ್ದರೆ ಸುಳ್ಳು ತೋರಿಸುತ್ತದೆ. ಅಲ್ಲಿ ಆಕ್ಸಿಜನ್ ಮಟ್ಟ 85ರ ಆಸುಪಾಸು ಕಂಡರೆ ಗಾಬರಿ ಬೇಡ, ಅಂಕಿಗಿಂತ ಮನುಷ್ಯನನ್ನು ನೋಡಿ.

ಇಳಿಯುವುದು ಯಾವ ಕಡೆಗೆ ಎನ್ನುವುದನ್ನು ಹಗಲಲ್ಲೇ ಮೂವರು ಡ್ರೈವರ್‌ಗಳ ಜೊತೆ ಮಾತಾಡಿಟ್ಟುಕೊಳ್ಳಿ. ಕಾಜಾದಲ್ಲಿ ಆಸ್ಪತ್ರೆ ಇದೆ, ಆದರೆ ಅಲ್ಲಿಗೆ ಹೋಗಲು 4,551 ಮೀಟರ್‌ನ ಕುಂಜುಮ್ ಮತ್ತೆ ಹತ್ತಬೇಕು, ರೋಗಿ ಇನ್ನಷ್ಟು ಹದಗೆಡುತ್ತಾನೆ. ಬಾತಲ್ ಬರೀ 300 ಮೀಟರ್ ಕೆಳಗೆ. ನಿಜವಾದ ಇಳಿತ ಸಿಗುವುದು ಛತ್ರು ಕಡೆಗೆ, ಸುಮಾರು 3,300 ಮೀಟರ್. ಅಲ್ಲಿಂದ ಮುಂದೆ ಮನಾಲಿ. ಒಂದು ಗಾಡಿ ಮುಖ ತಿರುಗಿಸಿ, ಸಾಮಾನು ಇಲ್ಲದೆ, ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ನಿಂತಿರಲಿ. ಆ ಗಾಡಿಯ ಡ್ರೈವರ್ ಅವತ್ತು ಕುಡಿಯಬಾರದು. ನೆಟ್‌ವರ್ಕ್ ನಂಬಿ ಕೂರುವ ಜಾಗ ಅದಲ್ಲ.

ವಾಪಸ್ ಬರುವ ದಿನ ಬೆಳಿಗ್ಗೆ ಆರರೊಳಗೆ ಹೊರಡಿ. ಬಾತಲ್‌ನಿಂದ ಗ್ರಾಂಫೂವರೆಗೆ ರಸ್ತೆಯ ಮೇಲೇ ಹರಿಯುವ ನಾಲಾಗಳಿವೆ. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಬೆಳಿಗ್ಗೆ ಗಾಲಿ ಅರ್ಧ ಮುಳುಗುತ್ತಿದ್ದ ಕಡೆ ಸಂಜೆಗೆ ಬಾನೆಟ್‌ವರೆಗೂ ಬರಬಹುದು. ಒಂದು ಗಾಡಿ ಪೂರ್ತಿ ದಾಟಿದ ಮೇಲೆಯೇ ಮುಂದಿನದು ಇಳಿಯಲಿ. ಮೊದಲ ಗೇರ್, ಒಂದೇ ವೇಗ, ನೀರಿನ ನಡುವೆ ಗೇರ್ ಬದಲಿಸುವುದು ಬೇಡ. ಜನ ಇಳಿದು ನಡೆದು ದಾಟುವುದಂತೂ ಬೇಡವೇ ಬೇಡ. ಮೊಣಕಾಲೆತ್ತರದ ಆ ನೀರಿನ ಸೆಳೆತ ದೊಡ್ಡವರನ್ನೂ ಕೆಡವುತ್ತದೆ.

ಗೂಟ_ಹಗ್ಗ

ಒಂದು ಸೇರಿಸುತ್ತೇನೆ. ಗಾಡಿ ಎಳೆಯುವ 15 ಮೀಟರ್ ಟೋ ಹಗ್ಗ, ಅದನ್ನು ಸಿಕ್ಕಿಸುವ ಎರಡು ಶ್ಯಾಕಲ್ (ಲೋಹದ ಕೊಂಡಿ) ಪ್ರತಿ ಗಾಡಿಯಲ್ಲೂ ಇರಲಿ, ಒಂದರಲ್ಲೇ ಇಟ್ಟರೆ ಅದೇ ಗಾಡಿ ನಾಲಾದ ಆಚೆ ಇರುತ್ತದೆ. ದುಡ್ಡು ನಗದಾಗಿ ಇಟ್ಟುಕೊಳ್ಳಿ, ಕಾಜಾದ ಎಟಿಎಂ ಕೆಲವು ದಿನ ಖಾಲಿ ಇರುತ್ತದೆ. ಕಸಕ್ಕೆ ನಾಲ್ಕು ದಪ್ಪ ಚೀಲ ಒಯ್ದು, ತುಂಬಿದ್ದನ್ನು ಮನಾಲಿವರೆಗೆ ತನ್ನಿ, ವೆಟ್ ವೈಪ್ಸ್ ಸಮೇತ. ಅವು ಕೊಳೆಯುವುದಿಲ್ಲ.