ಮನೆಯಲ್ಲಿ ವೀಣೆಯ ಧ್ವನಿಮುದ್ರಣ: ಮೈಕ್ ಬದಲಿಸಬೇಕೇ, ಪ್ರೀಆಂಪ್ ಕೊಳ್ಳಬೇಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಸರಸ್ವತಿ ವೀಣೆಯ ಆಲಾಪನೆ ಮತ್ತು ತಾನವನ್ನು ಮುದ್ರಿಸಿಕೊಳ್ಳುತ್ತಿದ್ದೇನೆ. ನನ್ನ ಬಳಿ ಒಂದು ಡೈನಮಿಕ್ ಮೈಕ್ ಹಾಗೂ ಎರಡು ಚಾನೆಲ್‌ಗಳ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇವೆ. ಮಂದ್ರದಲ್ಲಿ ಒಮ್ಮೆ ಮೀಟಿ ತಂತಿಯನ್ನು ಎಳೆದು ನುಡಿಸುವಾಗ, ಗಮಕದ ಕೊನೆಯ ಎಳೆ 'ಸ್' ಎಂಬ ಹಿನ್ನೆಲೆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಆ ಸದ್ದೂ ಏರುತ್ತದೆ. ಪ್ರತ್ಯೇಕ ಪ್ರೀಆಂಪ್ (ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಸಾಧನ) ಕೊಂಡರೆ ಇದು ಸರಿಹೋಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಮೊದಲು ಮೈಕನ್ನು ಬದಲಿಸಿ. 94 ಡೆಸಿಬಲ್ ಶಬ್ದಕ್ಕೆ ಶೂರ್ ಎಸ್‌ಎಂ57ರಂಥ ಡೈನಮಿಕ್ ಮೈಕ್ 2 ಮಿಲಿವೋಲ್ಟ್‌ಗಿಂತಲೂ ಕಡಿಮೆ ಸಂಕೇತ ಕೊಟ್ಟರೆ, ರೋಡ್ ಎನ್‌ಟಿ5ರಂಥ ಕಂಡೆನ್ಸರ್ (ವಿದ್ಯುತ್ ಬೇಡುವ, ಹೆಚ್ಚು ಸೂಕ್ಷ್ಮವಾದ ಮೈಕ್) ಸುಮಾರು 12 ಮಿಲಿವೋಲ್ಟ್ ಕೊಡುತ್ತದೆ. ಅಂದರೆ ಇಂಟರ್‌ಫೇಸಿನ ಒಳಗಿರುವ ಪ್ರೀಆಂಪ್‌ನಿಂದ ಸುಮಾರು 16 ಡೆಸಿಬಲ್‌ನಷ್ಟು ಕಡಿಮೆ ಗೇನ್ ಕೇಳಿದರೆ ಸಾಕು. ಆದರೆ ಕಂಡೆನ್ಸರ್‌ಗೂ ತನ್ನದೇ ಸದ್ದು ಇರುತ್ತದೆ. ಎನ್‌ಟಿ5ರಲ್ಲಿ ಅದು 16 ಡೆಸಿಬಲ್, ಅದೇ ಕಂಪನಿಯ ದೊಡ್ಡ ಡಯಾಫ್ರಾಮಿನ (ಶಬ್ದಕ್ಕೆ ಕಂಪಿಸುವ ಪೊರೆಯ) ಎನ್‌ಟಿ1ರಲ್ಲಿ 4ರಿಂದ 5 ಡೆಸಿಬಲ್ ಮಾತ್ರ. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆಯಾದ್ದರಿಂದ, ಒಂದೇ ಮೈಕ್ ಕೊಳ್ಳುವುದಾದರೆ ನಾನು ಎನ್‌ಟಿ1 ಅನ್ನೇ ಆರಿಸುತ್ತೇನೆ. ಇಂಟರ್‌ಫೇಸಿನಲ್ಲಿ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿಯನ್ನು ಒತ್ತುವುದನ್ನು ಮರೆಯಬೇಡಿ; ಅದಿಲ್ಲದೆ ಈ ಮೈಕ್‌ಗಳು ಕೆಲಸ ಮಾಡುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿ. ಆದರೆ ಮೈಕ್ ಇಡುವ ಜಾಗವನ್ನೂ ಗಮನಿಸಬೇಕು. ವೀಣೆಯ ನಾದ ಮುಖ್ಯವಾಗಿ ಕೊಡದ ಮೇಲಿನ ಹಲಗೆಯಿಂದ ಹೊಮ್ಮುತ್ತದೆ, ಎಡಬದಿಯ ಬುರುಡೆಯಿಂದಲ್ಲ. ಕುದುರೆಗೆ (ಕೊಡದ ಮೇಲೆ ತಂತಿಗಳನ್ನು ಹೊತ್ತ ಸೇತುವೆಗೆ) ನೇರವಾಗಿ, ತೀರಾ ಹತ್ತಿರ ಇಟ್ಟರೆ ಮೀಟಿನ ಸದ್ದೇ ಎದ್ದು ಕೇಳುತ್ತದೆ. ಜೊತೆಗೆ ಕಾರ್ಡಿಯಾಯ್ಡ್ ಮೈಕ್‌ಗಳು (ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವಂಥವು) ಹತ್ತಿರದಲ್ಲಿ ತಗ್ಗು ಸ್ವರಗಳನ್ನು ಉಬ್ಬಿಸುತ್ತವೆ. ಒಂದೂವರೆ ಅಡಿ ದೂರದಿಂದ, ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವಿನ ಜಾಗದತ್ತ ತುಸು ಮೇಲಿನಿಂದ ತಿರುಗಿಸಿ ನೋಡಿ. ಅಲ್ಲಿಂದ ನಾಲ್ಕು ಬೆರಳಿನಷ್ಟು ಸರಿಸಿದರೂ ನಾದದ ಬಣ್ಣ ಬದಲಾಗುವುದನ್ನು ಹೆಡ್‌ಫೋನಿನಲ್ಲಿ ಕೇಳಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಪ್ರೀಆಂಪ್ ಎಂದೂ ಬೇಡವೇ? ಬೀದಿಯ ವಾಹನಗಳ ಗುಂಯ್‌ಗುಡುವಿಕೆಯನ್ನು ತಗ್ಗಿಸಲು ಮೈಕಿನಲ್ಲಿಯೇ ಫಿಲ್ಟರ್ ಇರಬೇಕೇ?

ಉತ್ತರ 3:
ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ಶಬ್ದ ಹಿಡಿಯುವಂಥದ್ದು) ಕೊಳ್ಳುವ ದಿನ ಬಂದರೆ, ಅದರ ಸಂಕೇತ ಬಹಳ ಕ್ಷೀಣವಾದ್ದರಿಂದ, ಒಳ್ಳೆಯ ಪ್ರೀಆಂಪ್ ಕೊಳ್ಳುವುದಕ್ಕೆ ಅರ್ಥವಿದೆ. ಈಗ ಆ ಹಣವನ್ನು ಕೋಣೆಗೆ ಖರ್ಚು ಮಾಡಿ: ಬರಿಗೋಡೆಗಳ ಮೇಲೆ ದಪ್ಪ ರಜಾಯಿಗಳನ್ನು ಇಳಿಬಿಡಿ, ಫ್ಯಾನ್ ಮತ್ತು ಫ್ರಿಜ್ ಆರಿಸಿ. ಫಿಲ್ಟರ್ ವಿಷಯದಲ್ಲಿ ಬಹಳ ಎಚ್ಚರಿಕೆ ಬೇಕು, ಏಕೆಂದರೆ ವೀಣೆಯ ಅತಿ ತಗ್ಗಿನ ಅನುಮಂದ್ರ ತಂತಿಯ ಸ್ವರವೇ 100 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಅಲ್ಲಿ ಕತ್ತರಿಸಿದರೆ ವಾಹನದ ಸದ್ದಿನೊಡನೆ ವೀಣೆಯ ಗಾಂಭೀರ್ಯವೂ ಹೋಗುತ್ತದೆ. ಫಿಲ್ಟರ್ ಇಲ್ಲದೆಯೇ 24 ಬಿಟ್‌ನಲ್ಲಿ ಮುದ್ರಿಸಿ, ಅತಿ ಜೋರಿನ ಮೀಟೂ ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಡಿ. ಬೇಕಾದರೆ ನಂತರ ಸಾಫ್ಟ್‌ವೇರಿನಲ್ಲಿ, ಕೇಳುತ್ತಾ ಕೇಳುತ್ತಾ, 40 ಹರ್ಟ್ಸ್ ಸುತ್ತಮುತ್ತ ಫಿಲ್ಟರ್ ಹಾಕಬಹುದು.