ಹುಲ್ಲಿನಲ್ಲಿ ಓಡಾಡುವ ಕಂದು ಹಕ್ಕಿ: ಪಿಪಿಟೋ, ನೆಲಗುಬ್ಬಿಯೋ?

ಪ್ರಶ್ನೆ:
ಗಿಡ್ಡ ಹುಲ್ಲಿನ ಬಯಲಿನಲ್ಲಿ ಗುಬ್ಬಚ್ಚಿಗಿಂತ ತುಸು ಉದ್ದನೆಯ ಹಕ್ಕಿಯೊಂದು ನೆಲದ ಮೇಲೆಯೇ ಹುಳು ಹೆಕ್ಕುತ್ತಿತ್ತು. ಬೆನ್ನು ಕಂದು, ಎದೆಯ ಮೇಲೆ ಗೀರುಗಳು, ಹೊಟ್ಟೆ ಮಾಸಲು ಬಿಳಿ. ಮೊಬೈಲ್ ಆ್ಯಪ್ ಒಂದು ಚಿತ್ರಕ್ಕೆ ಪಿಪಿಟ್ ಎನ್ನುತ್ತದೆ, ಇನ್ನೊಂದಕ್ಕೆ ನೆಲಗುಬ್ಬಿ (ಲಾರ್ಕ್), ಮತ್ತೊಂದಕ್ಕೆ ಹೆಣ್ಣು ಗುಬ್ಬಚ್ಚಿ. ಯಾವುದನ್ನು ನಂಬಲಿ?

ಉತ್ತರ:
ಸದ್ಯಕ್ಕೆ ಯಾವುದನ್ನೂ ಬೇಡ. ಕಂದು ಬೆನ್ನು, ಗೀರಿನ ಎದೆ ಎಂದರೆ ಬಯಲು ಹಕ್ಕಿಗಳ ಸಮವಸ್ತ್ರ. ಗರಿ ಸವೆದಂತೆ ಆ ಬಣ್ಣವೂ ಮಾಸುತ್ತದೆ. ನಡಿಗೆ ನೋಡಿದಿರಾ? ಗುಬ್ಬಚ್ಚಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಪಿಪಿಟ್, ನೆಲಗುಬ್ಬಿ ಎರಡೂ ಹೆಜ್ಜೆಯಿಟ್ಟು ನಡೆಯುತ್ತವೆ. ಇವೆರಡನ್ನು ಬೇರ್ಪಡಿಸಲು ಕೊಕ್ಕು ಬೇಕು: ಕಾಳನ್ನೂ ತಿನ್ನುವ ನೆಲಗುಬ್ಬಿಯದು ಸಾಮಾನ್ಯವಾಗಿ ದಪ್ಪ, ಪಿಪಿಟ್‌ನದು ಸಪೂರ. ಪಿಪಿಟ್ ಕುಂಡೆಕುಸ್ಕಗಳ (ವ್ಯಾಗ್‌ಟೇಲ್) ಕುಟುಂಬದ್ದು, ಆಗಾಗ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತದೆ. ನೆಲಗುಬ್ಬಿಗಳಲ್ಲಿ ಕೆಲವಕ್ಕೆ ತಲೆಯ ಮೇಲೆ ಜುಟ್ಟಿರುತ್ತದೆ, ಕೆಲವು ಹಾರುವಾಗ ರೆಕ್ಕೆಯ ಇಟ್ಟಿಗೆ ಬಣ್ಣ ಕಾಣುತ್ತದೆ.

ಮರುಪ್ರಶ್ನೆ:
ನಡೆಯುತ್ತಿತ್ತು, ಕೊಕ್ಕು ಸಪೂರ, ಬಾಲ ಆಡಿಸುತ್ತಿತ್ತು. ಹಾರಿದಾಗ ಬಾಲದ ಅಂಚು ಬೆಳ್ಳಗೆ ಕಂಡಿತು. ಹಾಗಾದರೆ ಪಿಪಿಟ್. ಆದರೆ ಯಾವ ಪಿಪಿಟ್?

ಉತ್ತರ:
ಕಷ್ಟ ಶುರುವಾಗುವುದೇ ಇಲ್ಲಿ. ಬಾಲದ ಬಿಳಿ ಅಂಚು ಹಲವು ಪಿಪಿಟ್‌ಗಳಿಗೆ ಇದೆ, ಅದರಿಂದ ಜಾತಿ ತಿಳಿಯದು. ದಕ್ಷಿಣ ಏಷ್ಯಾದಲ್ಲಿ ವರ್ಷವಿಡೀ ಸಿಗುವುದು ಗದ್ದೆ ಪಿಪಿಟ್. ಸುಮಾರು 15 ಸೆಂಟಿಮೀಟರ್, ಗಿಡ್ಡ ಬಾಲ, 'ಚಿಪ್ ಚಿಪ್' ಎಂಬ ಸಣ್ಣ ಕೂಗು. ಚಳಿಗಾಲಕ್ಕೆ ಉತ್ತರದಿಂದ ಬರುವ ರಿಚರ್ಡ್ ಪಿಪಿಟ್ 17-18 ಸೆಂಟಿಮೀಟರ್ ಇರುತ್ತದೆ, ಎದೆಯುಬ್ಬಿಸಿ ನೆಟ್ಟಗೆ ನಿಲ್ಲುತ್ತದೆ. ಇಳಿಯುವ ಮುನ್ನ ಹುಲ್ಲಿನ ಮೇಲೆ ಕ್ಷಣಕಾಲ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಲ್ಲುವುದು ಅದರ ಚಾಳಿ. ಕೂಗು ಒರಟು, ಗಟ್ಟಿ. ಇವೆರಡರ ನಡುವೆ ಬ್ಲಿತ್ ಪಿಪಿಟ್ ಬೇರೆ ಬರುತ್ತದೆ. ದೂರದ ಚಿತ್ರದಲ್ಲಿ ಅದನ್ನು ಹೇಳಿಬಿಡುವವರ ಮಾತನ್ನು ನಾನಂತೂ ಅನುಮಾನದಿಂದಲೇ ಕೇಳುತ್ತೇನೆ. ಇನ್ನು, ಎಬ್ಬಿಸಿದಾಗ ಹಾರಿ ಮರ ಸೇರಿದ್ದರೆ ಮರ ಪಿಪಿಟ್‌ನ ಕಡೆಗೆ ಯೋಚಿಸಬೇಕು.

ನೀವು ಕಂಡದ್ದು ಯಾವ ತಿಂಗಳು? ಹಾರುವಾಗ ಕೂಗಿತೇ? ಪಕ್ಕದಿಂದ ತೆಗೆದ, ಹಿಂಬೆರಳಿನ ಉಗುರು ಕಾಣುವ ಚಿತ್ರವಿದ್ದರೆ ಹಾಕಿ. ರಿಚರ್ಡ್ ಪಿಪಿಟ್‌ನ ಆ ಉಗುರು ತೀರ ಉದ್ದ. ಅದೂ ಇಲ್ಲದಿದ್ದರೆ ಪಟ್ಟಿಯಲ್ಲಿ 'ಪಿಪಿಟ್' ಎಂದಷ್ಟೇ ಬರೆದುಕೊಳ್ಳಿ, ಮುಂದಿನ ಬಾರಿ ಮೊಬೈಲ್‌ನಲ್ಲಿ ಕೂಗನ್ನು ಮುದ್ರಿಸಿಕೊಳ್ಳಿ.